ಟವೆಲ್ ಹಾಕಿದ ಸೀಟು

ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಉಮಾಪತಿ ಎರಡೂ ಮಂಡಿ ಹಿಡಿದುಕೊಂಡು ಕೂತಿದ್ದರು. ಹಳೆಯ ಗುಡಿಗಳನ್ನು ನೋಡುವ ಹುಚ್ಚಿಗೆ ದಾವಣಗೆರೆಯಿಂದ ಬಂದು, ಬೆಳಗಿನಿಂದ ಊರೂರು ಅಲೆದು, ಕಾಲು ಸೋತುಹೋಗಿದ್ದವು. "ಈ ಮಂಡಿನೋವಲ್ಲಿ ನಿಂತ್ಕೊಂಡು ಹೋಗೋದಾದ್ರೆ ಸತ್ತೇ ಹೋಗ್ತೀನಿ ಕಣ್ರೀ" ಎಂದು ಪಕ್ಕದಲ್ಲಿದ್ದ ಅಣ್ಣಯ್ಯ ಎಂಬ ಮುದುಕರ ಹತ್ತಿರ ಗೋಳು ಹೇಳಿಕೊಂಡದ್ದೂ ಆಗಿತ್ತು.

ಹಾಸನದ ಬಸ್ಸು ಬಂದದ್ದೇ ತಡ, ಜನ ಮುಗಿಬಿದ್ದರು. ಕೊನೆಗೆ ಹತ್ತಿದ ಉಮಾಪತಿಗೆ ಕಂಡದ್ದು ಒಂದೇ ಖಾಲಿ ಸೀಟು. ಅದರ ಮೇಲೆ ಕಿಟಕಿಯಿಂದ ಯಾರೋ ಎಸೆದ ಕೆಂಪಂಚಿನ ಟವೆಲ್ಲು. ಟವೆಲ್ ಹಾಕಿದವನದೇ ಸೀಟು. ಅದನ್ನು ಮುಟ್ಟುವಷ್ಟು ಮರ್ಯಾದೆಗೆಟ್ಟವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಉಮಾಪತಿ ಕಂಬಿಗೆ ಜೋತುಬಿದ್ದು, ಟವೆಲ್ಲಿನವನ ವಂಶಕ್ಕೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಶಾಪ ಹಾಕಿದರು.

ಹಾಸನದಲ್ಲಿ ಬಸ್ಸು ಬರಿದಾಯಿತು. ಹಿಂದಿನ ಬಾಗಿಲ ಬಳಿ ನಿಂತೇ ಬಂದಿದ್ದ ಅಣ್ಣಯ್ಯ ಮೆಲ್ಲಗೆ ಬಂದು ಟವೆಲ್ಲು ಎತ್ತಿಕೊಂಡರು.

ಉಮಾಪತಿಗೆ ರೇಗಿತು. "ಏನ್ರೀ ಇದು, ನೀವೂ ಕೂರಲಿಲ್ಲ, ಇನ್ನೊಬ್ಬರನ್ನೂ ಕೂರೋಕೆ ಬಿಡಲಿಲ್ಲ!"

"ನಿಮ್ಗೇ ಅಂತ ಆಕಿದ್ದು ಕಣ ಸಾ. ಮಂಡಿನೋವು ಅಂದ್ರಲ್ಲಾ." ಅಣ್ಣಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಗಲಾಟೇಲಿ ಕೂಗ್ದೆ, ನೀವು ತಿರುಗ್ಲಿಲ್ಲ. ಬೆವ್ರು ಟವಲ್ಲು, ಮುಟ್ಟೋಕೆ ಏಸ್ಗೆ ಆಯ್ತೇನೋ ಅನ್ಕಂಡು ಸುಮ್ಕಾದೆ."

ಅಷ್ಟು ಹೇಳಿ ಇಳಿದುಹೋದರು.

ಇಳಿಯುವ ಊರು ಬಂದಾಗಿದ್ದರೂ, ಖಾಲಿ ಬಸ್ಸಿನಲ್ಲಿ, ಉಮಾಪತಿ ಆ ಸೀಟಿನ ಮೇಲೆ ಕೂತರು.