ಫ್ಯಾನಿನ ಮೇಲಿನ ಅಪವಾದ

ಆ ಮನೆಯ ಮಗ ನೂಲಿನ ಗಿರಣಿಯ ರಾತ್ರಿ ಪಾಳಿಗೆ ಹೋಗುತ್ತಿದ್ದ. ಸೊಸೆ ಬ್ರೆಡ್ ಕಾರ್ಖಾನೆಯ ಬೆಳಗಿನ ಪಾಳಿಗೆ. ಅವನು ಮನೆ ಸೇರುವ ಹೊತ್ತಿಗೆ ಅವಳು ಹೊರಟಿರುತ್ತಿದ್ದಳು. ಎರಡು ತಿಂಗಳಿಂದ ಕರೆಂಟ್ ಬಿಲ್ಲು ಏರುತ್ತಲೇ ಇತ್ತು. ಕೊನೆಗೆ ಅತ್ತೆ ತೀರ್ಪು ಕೊಟ್ಟರು.

"ಎಲ್ಲರೂ ದುಡಿಯೋ ಹೊತ್ತಲ್ಲಿ ಇವನ ತಲೆ ಮೇಲೆ ಫ್ಯಾನು ತಿರುಗ್ತಿರುತ್ತೆ. ಅದೇ ನಮ್ಮನ್ನ ತಿಂತಿರೋದು."

ಅಂದಿನಿಂದ ಹಗಲು ಫ್ಯಾನು ಬಂದ್.

ಕಾದ ತಗಡಿನ ಮಾಡಿನ ಕೆಳಗೆ ನಿದ್ದೆ ಎಲ್ಲಿಂದ ಬರಬೇಕು? ಮೊನ್ನೆ ಅವನು ಯಂತ್ರದ ಮುಂದೆ ನಿಂತಲ್ಲೇ ತೂಕಡಿಸಿದ. ಪಕ್ಕದವನು ಅಂಗಿ ಹಿಡಿದು ಎಳೆಯದಿದ್ದರೆ ಬೆರಳು ಹೋಗುತ್ತಿತ್ತು. ಅದನ್ನು ಹೆಂಡತಿಗೆ ಮಾತ್ರ ಹೇಳಿದ್ದ.

ಅವಳ ವಾರದ ರಜೆಯ ದಿನ ಮೀಟರ್ ಓದುವಾಕೆ ಬಂದಳು. ಅವನು ಹೊಸಿಲ ಬಳಿ ಒದ್ದೆ ಟವೆಲ್ ಹೊದ್ದು ಹೊರಳಾಡುತ್ತಿದ್ದ.

"ಏನಣ್ಣ, ಬಾಗಿಲು ಕಾಯ್ತಿದೀರಾ?"

"ಫ್ಯಾನು ಹಾಕಿದ್ರೆ ಬಿಲ್ಲು ಏರುತ್ತಂತೆ," ಎಂದಳು ಸೊಸೆ, ಅತ್ತೆಯ ಕಡೆ ನೋಡದೆ.

"ಯಾರು ಹೇಳಿದ್ದು?"

"ನಾನೇ. ಏನೀಗ?" ಎಂದರು ಅತ್ತೆ.

"ಸಿಟ್ಟಾಗಬೇಡಿ ಅಮ್ಮ. ಫ್ಯಾನು ನಿಂತಿದೆಯಲ್ಲ, ಈಗ ಇನ್ನೇನು ಓಡ್ತಿದೆ?"

"ಏನೂ ಇಲ್ಲ. ಒಂದು ದೀಪಾನೂ ಹಾಕಿಲ್ಲ."

"ಮತ್ತೆ ಮೀಟರಿನ ದೀಪ ಯಾಕೆ ಹೀಗೆ ಪಟಪಟ ಮಿಟುಕ್ತಿದೆ? ಬನ್ನಿ, ನೋಡಿ."

ಮನೆಯೆಲ್ಲ ಹುಡುಕಿದರು. ಬಚ್ಚಲುಮನೆಯಲ್ಲಿ ನೇತುಹಾಕಿದ ಬಟ್ಟೆಯ ಹಿಂದೆ ಗೀಸರಿನ ಕೆಂಪು ದೀಪ ಉರಿಯುತ್ತಿತ್ತು.

"ಇವರು ಮೈತುಂಬ ಹತ್ತಿ ಧೂಳು ಮೆತ್ತಿಕೊಂಡು ಬರ್ತಾರಲ್ಲ, ಅದಕ್ಕೇ ನಾನು ಆರಿಸಲ್ಲ," ಎಂದಳು ಸೊಸೆ.

"ಅಮ್ಮಂಗೆ ಇರಲಿ ಅಂತ ನಾನು ಬಿಡ್ತೀನಿ," ಎಂದ ಮಗ.

"ಮಧ್ಯಾಹ್ನ ಇವಳು ಬೆವೆತು ಬರ್ತಾಳೆ ಅಂತ..." ಅತ್ತೆಯ ದನಿ ಇಳಿಯಿತು.

ಮೀಟರ್ ಓದುವಾಕೆ ನಕ್ಕುಬಿಟ್ಟಳು. "ಇಷ್ಟೊಂದು ಪ್ರೀತಿ ಇರೋ ಮನೆಗೆ ಬಿಲ್ಲು ಬರದೆ ಇರುತ್ತಾ? ಅಮ್ಮ, ಗೀಸರ್ ಒಂದು ಗಂಟೆ ಕಾದರೆ ಆಗೋ ಕರೆಂಟಲ್ಲಿ ಫ್ಯಾನು ಒಂದು ಹಗಲು, ಒಂದು ರಾತ್ರಿ ತಿರುಗುತ್ತೆ. ಆರಿಸದೆ ಬಿಟ್ಟರೆ, ನೀರು ತಣ್ಣಗಾದಾಗಲೆಲ್ಲ ತಾನೇ ಮತ್ತೆ ಕಾಯಿಸ್ತಿರುತ್ತೆ. ಸ್ನಾನ ಮಾಡೋರು ಬಂದ ಮೇಲೆ ಹಾಕಿ. ಹದಿನೈದು ನಿಮಿಷ ಸಾಕು."

"ದಣಿದು ಬಂದವನು ಕಾಯ್ತಾ ಕೂರಬೇಕಾ?"

"ಅಷ್ಟರಲ್ಲಿ ನಾಲ್ಕು ತುತ್ತು ತಿನ್ನಲಿ ಬಿಡಿ."

ಆಗ ಸೊಸೆ ತಡೆಯಲಾರದೆ ಹೇಳಿದಳು: "ಅತ್ತೆ, ನಿದ್ದೆ ಇಲ್ಲದೆ ಮೊನ್ನೆ ಇವರ ಬೆರಳು ಹೋಗ್ತಿತ್ತು."

ಅತ್ತೆ ಮಗನ ಕೈ ಹಿಡಿದು ಒಂದೊಂದೇ ಬೆರಳು ಮುಟ್ಟಿ ನೋಡಿದರು. ಗೀಸರ್ ಆರಿಸಿದರು. ಒಳಗೆ ಹೋಗಿ ತಾವೇ ಫ್ಯಾನು ಹಾಕಿದರು.

"ಬಾ, ಮಲ್ಕೋ. ಬಾಗಿಲು ನಾನು ಕಾಯ್ತೀನಿ."

ಮುಂದಿನ ತಿಂಗಳು ಮೀಟರ್ ಓದುವಾಕೆ ಬಂದಾಗ ಅತ್ತೆ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ ಕಣಮ್ಮ, ಮಗ ಮಲಗಿದಾನೆ." ಬಿಲ್ಲು ಇಳಿದಿತ್ತು. ಒಳಗೆ ಫ್ಯಾನಿನ ಸದ್ದಿಗಿಂತ ಗೊರಕೆಯ ಸದ್ದೇ ಜೋರಾಗಿತ್ತು.

ನಿಮ್ಮ ಮನೆಯಲ್ಲೂ ಪಾಳಿ ಕೆಲಸದವರು ಇದ್ದಾರೆಯೆ? ಇವತ್ತೇ ಎಲ್ಲ ಸ್ವಿಚ್ಚು ಆರಿಸಿ, ಮೀಟರ್ ಮುಂದೆ ಒಂದು ನಿಮಿಷ ನಿಲ್ಲಿ. ಇನ್ನೂ ಮಿಟುಕುತ್ತಿದ್ದರೆ ಹುಡುಕಿ. ಕಾರಣ ಸಿಗದಿದ್ದರೆ ಮೀಟರ್ ಓದುವವರನ್ನು ಕೇಳಿ. ಗೀಸರನ್ನು ಸ್ನಾನ ಮಾಡುವವರೇ ಹಾಕಲಿ, ಅವರೇ ಆರಿಸಲಿ. ಹಗಲು ಮಲಗುವವರ ಫ್ಯಾನನ್ನು ಮಾತ್ರ ನಿಲ್ಲಿಸಬೇಡಿ.