ಚಪ್ಪಾಳೆಯ ಓದು

ಐದು ತುಂಬುವ ಮೊದಲೇ ಮಗು ಓದುತ್ತೆ ಅಂದರೆ ಯಾವ ಮನೆಯವರಿಗೆ ಜಂಬ ಇರೋದಿಲ್ಲ ಹೇಳಿ! ಹೆತ್ತವರಿಗೆ ಹೆಗ್ಗಣ ಮುದ್ದು. ಇಲ್ಲಂತೂ ಹೆಗ್ಗಣ ಪುಸ್ತಕ ಬೇರೆ ಓದುತ್ತಿತ್ತು. ಬೇಕರಿಯಲ್ಲಿ ದುಡಿಯುವ ಅಮ್ಮ ದಿನಾ ಸಂಜೆ ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡು, ಪದದ ಕೆಳಗೆ ಬೆರಳಿಟ್ಟು, "ಇದು ಆನೆ, ಅಲ್ವಾ ಕಂದಾ?" ಅನ್ನುವಳು. "ಆನೆ!" ಅನ್ನುವಳು ಪುಟ್ಟಿ. ಮನೆಯೆಲ್ಲ ಚಪ್ಪಾಳೆ. ಚಪ್ಪಲಿ ರಿಪೇರಿ ಮಾಡುವ ಅಪ್ಪನೂ ಕೈಯಲ್ಲಿದ್ದ ಅಟ್ಟೆ ಕೆಳಗಿಟ್ಟು ತಟ್ಟುವನು. ಉತ್ತರವನ್ನ ತುತ್ತು ಮಾಡಿ ನಾವೇ ಬಾಯಿಗಿಡ್ತಿದ್ದೀವಿ ಅಂತ ಒಬ್ಬರಿಗಾದರೂ ಹೊಳೀಬೇಕಲ್ಲ? ಊಹೂಂ.

ಕಣ್ಣಿನ ಆಪರೇಷನ್ ಆಗಿ ಒಳಕೋಣೆಯಲ್ಲಿ ಮಲಗಿದ್ದ ಅಜ್ಜಿಗಂತೂ ಹಿಡಿಯೋರೇ ಇರಲಿಲ್ಲ. "ಹನಿ ಹಾಕೋಕೆ ನೀನ್ಯಾಕೆ ಬರಬೇಕಮ್ಮಾ? ಮೊಮ್ಮಗಳು ಓದಿ ಕೊಡ್ತಾಳೆ, ನಾನೇ ಹಾಕ್ಕೋತೀನಿ," ಅಂದಿದ್ದಳು ಸೊಸೆಗೆ. ಸೊಸೆಯೂ ಉಬ್ಬಿಹೋಗಿ ಒಪ್ಪಿದ್ದಳು.

ರಜೆಯ ದಿನ ಮಧ್ಯಾಹ್ನ ಅಮ್ಮನಿಗೆ ಸುಮ್ಮನೆ ಚೇಷ್ಟೆ ಮಾಡುವ ಮನಸ್ಸಾಯಿತು. ಮೀನಿನ ಪುಟ ತೆರೆದು, ಚಿತ್ರ ಮುಚ್ಚಿ, "ಇದು ಕುದುರೆ, ಅಲ್ವಾ?" ಅಂದಳು.

"ಕುದುರೆ!"

"ಅಯ್ಯೋ, ಬಸ್ಸಲ್ವೇನೇ?"

"ಹೂಂ, ಬಸ್ಸು!"

ಅಮ್ಮ ನಕ್ಕಳು. ನಗುತ್ತಲೇ ನೋಡಿದಳು: ಪುಟ್ಟಿಯ ಕಣ್ಣು ಪುಟದ ಮೇಲೆ ಇರಲೇ ಇಲ್ಲ. ಅಮ್ಮನ ಹುಬ್ಬು ಏರುತ್ತದೋ ಇಳಿಯುತ್ತದೋ ಅಂತ ಕಾಯುತ್ತಿತ್ತು. ಅಮ್ಮನ ನಗು ಅಲ್ಲಿಗೇ ನಿಂತಿತು.

"ಪುಟ್ಟೀ, ಬಾರೇ, ಔಷಧಿ ಹೊತ್ತಾಯ್ತು!" ಅಜ್ಜಿ ಕರೆದಳು. ಪುಟ್ಟಿ ತೊಡೆಯಿಂದ ಜಾರಿ ಓಡಿದಳು.

ಅಮ್ಮ ಪುಸ್ತಕ ಹಿಡಿದೇ ಕೂತಿದ್ದಳು. ಅಜ್ಜಿಯ ಕಿಟಕಿಯಲ್ಲಿ ಹನಿಯ ಬಿಳಿ ಸೀಸೆ. ಬೆಳಿಗ್ಗೆ ಗಂಡ ಅಲ್ಲೇ ಬೆಳಕಿಗೆ ಕೂತು ಅಟ್ಟೆ ಅಂಟಿಸಿದ್ದ. ಅವನ ಅಂಟಿನ ಸೀಸೆಯೂ ಬಿಳಿ, ಅಷ್ಟೇ ಗಾತ್ರ. ತೆಗೆದಿಟ್ಟನೇ? ಈ ಗಂಡಸರು ಯಾವತ್ತು ತೆಗೆದಿಟ್ಟಿದ್ದಾರೆ!

"ಇದು ನನ್ನ ಕಣ್ಣಿನ ಮದ್ದು, ಅಲ್ವಾ ಕಂದಾ?"

"ಹೂಂ ಅಜ್ಜಿ, ಕಣ್ಣಿನ ಮದ್ದು!"

ಒಳಗಿಂದ ಚಪ್ಪಾಳೆ ಕೇಳಿತು. ಆಮೇಲೆ ಸದ್ದಿಲ್ಲ.

"ಅತ್ತೇ, ಬೇಡಾ!" ಅಮ್ಮ ಬಿದ್ದಂಬೀಳ ಓಡಿದಳು. ಅಜ್ಜಿ ಕತ್ತು ಹಿಂದಕ್ಕೆ ವಾಲಿಸಿ, ರೆಪ್ಪೆ ಅಗಲಿಸಿ, ಸೀಸೆ ಹಿಂಡುತ್ತಿದ್ದಳು. ಅಮ್ಮ ಆ ಕೈಗೆ ಹೊಡೆದಳು. ಹನಿ ಕಣ್ಣು ತಪ್ಪಿ ಕೆನ್ನೆಗೆ ಬಿತ್ತು. ಒರೆಸಲು ಹೋದ ಅಮ್ಮನ ಬೆರಳು ಆ ಕೆನ್ನೆಗೇ ಅಂಟಿಕೊಂಡಿತು.

"ಏನೇ ಇದು? ಮಗು ಓದಿಯೇ ಕೊಟ್ಟಿದ್ದಲ್ಲ!" ಅಂದಳು ಅಜ್ಜಿ.

"ಪುಟ್ಟೀ, ಅದರ ಮೇಲೆ ಏನು ಬರೆದಿತ್ತು?"

ಪುಟ್ಟಿ ಸೀಸೆಯತ್ತ ತಿರುಗಲಿಲ್ಲ. ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಎರಡರಲ್ಲೂ ಏನೂ ಸಿಗಲಿಲ್ಲ.

"ಗೊತ್ತಿಲ್ಲ," ಅಂದಳು, ಮೊಟ್ಟಮೊದಲ ಸಲ. ಅಂದವಳೇ ಹೊಡೆತ ತಪ್ಪಿಸಿಕೊಳ್ಳುವಂತೆ ಎರಡೂ ಕೈ ತಲೆ ಮೇಲಿಟ್ಟುಕೊಂಡಳು.