ನೋವು ಬರಿಸುವ ಮೊದಲು

ಬರೀ ಚೆಕಪ್‌ಗೆ ಹೊರಟವರಿಗೆ ಅಷ್ಟು ದೊಡ್ಡ ಫ್ಲಾಸ್ಕ್ ಯಾಕೆ ಎಂದು ತುಂಬು ಬಸುರಿ ಮಗಳು ಕೇಳಿದಾಗ ಅಮ್ಮ ತಲೆ ಎತ್ತದೆ ಮುಚ್ಚಳ ತಿರುಗಿಸುತ್ತಲೇ ಇದ್ದಳು.

"ಆಸ್ಪತ್ರೆ ಅಂದ್ಮೇಲೆ ಕ್ಯೂ ಇರುತ್ತೆ. ಬಾಯಾರುತ್ತೆ."

"ಇಷ್ಟು ನೀರು ಕುಡಿದ್ರೆ ಅಲ್ಲಿ ಇನ್ನೊಂದು ಕ್ಯೂನಲ್ಲಿ ನಿಲ್ಬೇಕಾಗುತ್ತೆ ಅಷ್ಟೇ," ಎಂದು ಅವಳು ನಕ್ಕಳು. ಅಮ್ಮ ನಗಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಗಂಡನೂ ನಗಲಿಲ್ಲ. ಹೆಂಡತಿಯ ಎಂಥ ಸಪ್ಪೆ ಜೋಕಿಗೂ ಮೊದಲು ನಗುವ ಮನುಷ್ಯ ಅವನು. ಇವತ್ತು ಬೆನ್ನು ತಿರುಗಿಸಿ, "ಹೊರಡೋಣ, ಆಟೋ ಬಂತು," ಎಂದ.

ಅವಳು ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂರುವವಳು. ಯಾವ ಬಸ್ಸು ಯಾವ ಕಡೆ ನಿಂತಿದೆ, ಯಾವುದು ತಡ, ಯಾಕೆ ತಡ ಎಂದು ದಿನವಿಡೀ ಹೇಳುವುದೇ ಕೆಲಸ. ಡ್ರೈವರುಗಳೆಲ್ಲ ಅವಳನ್ನು ಮೈಕಕ್ಕ ಎಂದೇ ಕರೆಯುತ್ತಾರೆ. ಬಸ್ಸಿನ ಟೈರು ಪಂಕ್ಚರ್ ಆಗಿದ್ದರೆ ಪಂಕ್ಚರ್ ಎನ್ನುತ್ತಾಳೆ, ಡ್ರೈವರ್ ಬಂದಿಲ್ಲದಿದ್ದರೆ ಬಂದಿಲ್ಲ ಎನ್ನುತ್ತಾಳೆ. ಹಾಗೆಲ್ಲ ಬಿಡಿಸಿ ಹೇಳಬೇಡಮ್ಮ, ಮರ್ಯಾದೆ ಹೋಗುತ್ತೆ ಎಂದು ಮ್ಯಾನೇಜರು ಒಮ್ಮೆ ಗೊಣಗಿದ್ದಕ್ಕೆ, "ತಡ ಆಯ್ತು ಅಂತ ಜನ ಬೈಯಲ್ಲ ಸಾರ್, ಹೇಳ್ಲಿಲ್ಲ ಅಂತ ಬೈತಾರೆ," ಎಂದಿದ್ದಳು.

ಗಂಡನ ಕೆಲಸದ ರೀತಿ ಇದಕ್ಕೆ ತದ್ವಿರುದ್ಧ. ಅವನು ಲಿಫ್ಟ್ ಮೆಕ್ಯಾನಿಕ್. ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಿಡಿಸಲು ಹೋದಾಗ, ಒಳಗೆ ಎಷ್ಟು ಹೊತ್ತು ಇರಬೇಕಾದರೂ ಸರಿ, ಬಾಗಿಲ ಸಂದಿಗೆ ಬಾಯಿಟ್ಟು, "ಏನೂ ಆಗಿಲ್ಲ, ಎರಡೇ ನಿಮಿಷ," ಎನ್ನುತ್ತಾನೆ. ಅರ್ಧ ದಿನ ಹಿಡಿದಾಗಲೂ ಅದು ಎರಡೇ ನಿಮಿಷ. ಮನೆಯಲ್ಲಿ ಅನ್ನ ಸೀದಾಗಲೂ ಅವನಿಗೆ ಅದೇ ಮಾತು ಬಾಯಿಗೆ ಬರುತ್ತದೆ, ಅವಳಿಗೆ ನಗು ಬರುತ್ತದೆ.

ಹೆರಿಗೆ ವಿಭಾಗದ ಕಾರಿಡಾರಿನಲ್ಲಿ ಕುರ್ಚಿ ಹುಡುಕುತ್ತಿದ್ದಾಗ, ಮಡಚಿದ ಹಸಿರು ಗೌನನ್ನು ತೋಳಿನ ಮೇಲೆ ಹಾಕಿಕೊಂಡು ಆಯಾ ಎದುರಿಗೆ ಬಂದಳು.

"ನೋವು ಬರಿಸೋ ಪೇಷಂಟ್ ನೀವೇನಾ? ಬನ್ನಿ ತಾಯಿ, ಬಟ್ಟೆ ಬದಲಾಯಿಸ್ಕೊಳ್ಳಿ."

"ನಾನಲ್ಲ. ನಾನು ಚೆಕಪ್‌ಗೆ ಬಂದಿರೋದು."

ಆಯಾ ಅವಳ ಹಿಂದೆ ನಿಂತಿದ್ದವನತ್ತ ನೋಡಿದಳು. "ಇವರೇ ಅಲ್ವಾ, ಬೆಳಿಗ್ಗೆ ಫೋನ್ ಮಾಡಿ ಬೆಡ್ ಖಾಲಿ ಇದೆಯಾ ಅಂತ ಕೇಳಿದ್ದು? ನಮ್ಮ ಲಿಫ್ಟ್ ನೋಡೋಕೆ ಬರ್ತಾರಲ್ಲ, ದನಿ ಗೊತ್ತು ನಂಗೆ."

ನಗು ಬರಿಸುವುದನ್ನು ಅವಳು ಕೇಳಿದ್ದಳು, ನಿದ್ದೆ ಬರಿಸುವುದನ್ನೂ ಕೇಳಿದ್ದಳು. ನೋವನ್ನು ಕೂಡ ಯಾರೋ ಕರೆದು ಬರಿಸುತ್ತಾರೆ, ಅದೂ ತನಗೆ, ಅದೂ ಇವತ್ತು! ಅವಳು ತಿರುಗಿ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಸರಿ, ಗಂಡಸು, ಹೇಳಲು ಬಂದಿರಲಿಕ್ಕಿಲ್ಲ ಎಂದು ಅಮ್ಮನ ಕಡೆ ನೋಡಿದಳು. ಅಮ್ಮ ಫ್ಲಾಸ್ಕನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳ ಕಂಕುಳಲ್ಲಿದ್ದ ಚೀಲದ ಬಾಯಿಂದ ಮಗುವಿಗೆಂದು ತೊಳೆದು ಒಣಗಿಸಿಟ್ಟಿದ್ದ ಮೆತ್ತನೆ ಬಟ್ಟೆ ಇಣುಕುತ್ತಿತ್ತು.

"ನಿಂಗೂ ಗೊತ್ತಿತ್ತಾ?"

ಅಮ್ಮ ಇಣುಕುತ್ತಿದ್ದ ಬಟ್ಟೆಯನ್ನು ಚೀಲದೊಳಕ್ಕೆ ತುರುಕಿದಳು.

"ಮೊನ್ನೆ ಸ್ಕ್ಯಾನ್ ಆದ್ಮೇಲೆ ಡಾಕ್ಟ್ರು ನನ್ನ ಒಳಗೆ ಕರೆದ್ರು ಕಣೇ," ಗಂಡ ಮೆಲ್ಲಗೆ ಶುರು ಮಾಡಿದ. "ಮಗು ಸುತ್ತ ನೀರು ಕಮ್ಮಿ ಆಗಿದೆಯಂತೆ. ಹೆರಿಗೆಗೆ ಕೊಟ್ಟ ದಿನಾನೂ ದಾಟಿದೆ. ಔಷಧಿ ಇಟ್ಟು ನೋವು ಬರಿಸಿದ್ರೆ ಒಳ್ಳೇದು ಅಂದ್ರು. ನೀನು ಹೆದರ್ಕೋತೀಯ ಅಂತ..."

"ನಾನು ಹೆದರ್ಕೋತೀನಿ ಅಂತ ನಿಮಗ್ಯಾರು ಹೇಳಿದ್ದು?"

"ಲಿಫ್ಟಲ್ಲಿ ಸಿಕ್ಕಿಕೊಂಡವರಿಗೆ ಮೋಟಾರ್ ಕೆಟ್ಟಿದೆ ಅಂತ ಹೇಳೋಕಾಗುತ್ತಾ? ಇನ್ನೂ ಗಾಬರಿ ಆಗ್ತಾರೆ."

"ರೀ, ನಾನು ನಿಮ್ಮ ಲಿಫ್ಟಲ್ಲಿ ಸಿಕ್ಕಿಕೊಂಡಿರೋಳಲ್ಲ," ಎಂದಳು. ಧ್ವನಿ ಏರಲಿಲ್ಲ. "ಎರಡು ದಿನ ಪಕ್ಕದಲ್ಲೇ ಮಲಗಿದ್ರಿ. ಹೊಟ್ಟೆ ಮೇಲೆ ಕೈ ಇಟ್ಟು ಒದೀತಾ ಇದೆ ನೋಡು ಅಂದ್ರಿ. ಆಗ್ಲೂ ಇದು ಮನಸ್ಸಲ್ಲಿ ಇತ್ತು."

ಅಮ್ಮ ಮಧ್ಯೆ ಬಂದಳು. "ಮಗೂ, ಅಳಿಯಂದ್ರದ್ದು ತಪ್ಪಿಲ್ಲ. ನಾನೇ ಹೇಳ್ಬೇಡಿ ಅಂದೆ. ನಮ್ಮ ಕಾಲದಲ್ಲಿ ನಮಗ್ಯಾರು ಹೇಳಿದ್ರು? ನಿನ್ನ ಹೆರುವಾಗ ಅದ್ಯಾವುದೋ ಇಂಜೆಕ್ಷನ್ ಚುಚ್ಚಿದ್ರು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಎಲ್ಲಾ ಆಯ್ತಲ್ಲ?"

"ಇವತ್ತಿಗೂ ಗೊತ್ತಿಲ್ಲ ಅಂತೀಯ. ಆ ಇಂಜೆಕ್ಷನ್ ಇನ್ನೂ ಮರೆತಿಲ್ಲ ಅಂತಾಯ್ತಲ್ಲಮ್ಮ."

ಅಮ್ಮ ಫ್ಲಾಸ್ಕಿನ ಮುಚ್ಚಳವನ್ನು ಮತ್ತೊಮ್ಮೆ ಬಿಗಿ ಮಾಡಿದಳು.

ಮನೆಗೆ ಹೋಗಿಬಿಡಬೇಕು ಎನಿಸಿತು ಅವಳಿಗೆ. ಕಾಲು ಬಾಗಿಲಿನವರೆಗೆ ಹೋಗಿತ್ತು ಕೂಡ. ಆದರೆ ನೀರು ಕಡಿಮೆಯಾಗಿದೆ ಎಂಬ ಮಾತು ಕಿವಿಯಲ್ಲೇ ಇತ್ತು. ಸಿಟ್ಟು ಇವರ ಮೇಲೆ, ಒಳಗಿರುವುದು ಏನು ಮಾಡಿತು? ಅವಳು ತಿರುಗಿ ಬಂದು ನೇರ ಡಾಕ್ಟರ ಕೋಣೆಯ ಬಾಗಿಲು ತಟ್ಟಿದಳು.

"ನನಗೆ ಏನು ಮಾಡೋಕೆ ಹೊರಟಿದೀರ ಅಂತ ಹೇಳಿ ಡಾಕ್ಟ್ರೇ. ಮೊದಲಿಂದ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮವರು ಮನೇಲಿ ಮಾತಾಡಿಲ್ವಾ? ನಾನು ಅವರಿಗೆ ಎಲ್ಲಾ ಹೇಳಿದ್ದೆ."

"ಹೊಟ್ಟೆ ನನ್ನದು."

ಡಾಕ್ಟರಮ್ಮ ಅವಳ ಫೈಲು ಎಳೆದುಕೊಂಡರು. "ಹೌದು. ಗಂಡಂದಿರಿಗೆ ಹೇಳಿದ್ರೆ ಹೆಂಗಸಿಗೆ ಹೇಳಿದ ಹಾಗೇ ಅಂತ ನಮಗೆ ರೂಢಿಯಾಗ್ಬಿಟ್ಟಿದೆ. ಕೂತ್ಕೊಳ್ಳಿ," ಎಂದು ಎದುರಿನ ಕುರ್ಚಿ ತೋರಿಸಿದರು.

ನೀರು ಕಡಿಮೆಯಾದಾಗ ಕಾಯುವುದಕ್ಕಿಂತ ಹೆರಿಗೆ ಮಾಡಿಸುವುದು ಮಗುವಿಗೆ ಕ್ಷೇಮ ಎಂದರು. ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿದೆ, ಅದು ಮೆತ್ತಗಾಗಲು ಒಳಗೆ ಜೆಲ್ ಇಡುತ್ತೇವೆ, ಇಡುವಾಗ ಹಿಂಸೆಯಾಗುತ್ತದೆ. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡುತ್ತೇವೆ. ಆಮೇಲೆ ಕಾಯುವುದು.

"ಎಷ್ಟು ಹೊತ್ತು?"

"ಅದು ಮಾತ್ರ ಕೇಳ್ಬೇಡಿ. ಕೆಲವರಿಗೆ ಸಂಜೆಗೆ ಆಗುತ್ತೆ, ಕೆಲವರಿಗೆ ನಾಳೆ, ನಾಡಿದ್ದು. ಮತ್ತೊಂದ್ಸಲ ಜೆಲ್ ಇಡ್ಬೇಕಾಗ್ಬಹುದು. ಬಾಯಿ ತೆರೆದ್ಮೇಲೆ ನೀರಿನ ಚೀಲ ಒಡೆದು ಡ್ರಿಪ್ ಹಾಕ್ತೀವಿ. ಡ್ರಿಪ್ ನೋವು ಜೋರಾಗಿರುತ್ತೆ, ಒಂದರ ಹಿಂದೆ ಒಂದು ಬರುತ್ತೆ. ತಡೆಯೋಕಾಗ್ದಿದ್ರೆ ಕೇಳಿ, ನೋವು ಕಮ್ಮಿ ಮಾಡೋದಕ್ಕೂ ದಾರಿ ಇದೆ."

"ಇಷ್ಟೆಲ್ಲ ಮಾಡಿಯೂ ಆಗ್ದೆ ಹೋದ್ರೆ?"

"ಆಪರೇಷನ್. ಬೇಡ ಅನ್ನೋ ಹಕ್ಕೂ ನಿಮಗಿದೆ. ಆದರೆ ಆಗ ದಿನಾ ಬಂದು ಮಗುವನ್ನ ತೋರಿಸ್ಕೊಂಡು ಹೋಗ್ಬೇಕು. ನನಗದು ಅಷ್ಟು ಇಷ್ಟವಿಲ್ಲ, ಅದನ್ನೂ ಹೇಳ್ಬಿಡ್ತೀನಿ."

ಅವಳು ಒಂದು ಗಳಿಗೆ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಳು. ಆಶ್ಚರ್ಯವೆಂದರೆ, ಇಷ್ಟನ್ನು ಕೇಳಿದ ಮೇಲೆ ಭಯ ಕಡಿಮೆಯಾಗಿತ್ತು. ಇದನ್ನೇ ಮೊನ್ನೆ ಹೇಳಿದ್ದರೆ ತಾನೇ ಚೀಲ ತುಂಬಿಸಿಕೊಂಡು ಹೊರಡುತ್ತಿದ್ದೆನಲ್ಲ ಎಂದುಕೊಂಡಳು.

"ಮಾಡಿ," ಎಂದಳು.

ಜೊತೆಗೆ ಒಬ್ಬರು ಇರಬಹುದು, ಯಾರಿರುತ್ತಾರೆ ಎಂದು ನರ್ಸ್ ಕೇಳಿದಳು. ಬಾಗಿಲಲ್ಲಿ ಅಮ್ಮನೂ ಗಂಡನೂ ಒಟ್ಟಿಗೇ ಒಂದು ಹೆಜ್ಜೆ ಮುಂದೆ ಬಂದರು.

"ಯಾರೂ ಬೇಡ ಸಿಸ್ಟರ್."

ಬಾಗಿಲು ಅರ್ಧ ಮುಚ್ಚಿತು.

ಹೇಳಿದ್ದೆಲ್ಲ ಹೇಳಿದಂತೆಯೇ ನಡೆಯಿತು. ಜೆಲ್ ಇಡುವಾಗ ಅವಳು ಮಂಚದ ಕಂಬಿ ಹಿಡಿದುಕೊಂಡಳು. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಯಂತ್ರದಲ್ಲಿ ಮಗುವಿನ ಎದೆಬಡಿತ ಕುದುರೆ ಓಡಿದಂತೆ ಕೇಳುತ್ತಿತ್ತು. ನರ್ಸ್ ಪ್ರತಿ ಸಲ ಕೈಗವಸು ಹಾಕಿಕೊಳ್ಳುವಾಗ, "ಈಗ ಒಳಗೆ ನೋಡ್ತೀನಿ, ಸರಿನಾ?" ಎಂದು ಕೇಳಿಯೇ ಮುಟ್ಟುತ್ತಿದ್ದಳು. ಡಾಕ್ಟರಮ್ಮ ಹೇಳಿರಬೇಕು. ಮಧ್ಯಾಹ್ನ ಇಳಿಯುವಾಗ ಸೊಂಟದಿಂದ ಮೊದಲ ಹಿಡಿತ ಹುಟ್ಟಿತು. ನೀರಿನ ಚೀಲ ಒಡೆದರು, ಡ್ರಿಪ್ ಏರಿತು. ಆಮೇಲೆ ಬಂದದ್ದನ್ನು ನೋವು ಎನ್ನುವುದು ಬಹಳ ಸಣ್ಣ ಮಾತು. ಒಂದು ಅಲೆ ಇಳಿದು ಉಸಿರು ತಿರುಗುವಷ್ಟರಲ್ಲಿ ಇನ್ನೊಂದು ಮೇಲೆ ಬೀಳುತ್ತಿತ್ತು. ಕೈ ಹಿಡಿಯಲು ಯಾರಾದರೂ ಬೇಕಿತ್ತು. ಆದರೂ ಕರೆಯಲಿಲ್ಲ. ಬಾಗಿಲಿನಾಚೆ ಗಂಡನ ಚಪ್ಪಲಿ ಅತ್ತಿಂದಿತ್ತ ಸವೆಯುವ ಸದ್ದು ಮಾತ್ರ ನಿಂತಿರಲಿಲ್ಲ.

ಒಂದು ಅಲೆಯ ಕೊನೆಗೆ ಕುದುರೆಯ ಓಟ ನಿಧಾನವಾಯಿತು. ನರ್ಸ್ ಅವಳನ್ನು ಎಡಮಗ್ಗುಲಿಗೆ ತಿರುಗಿಸಿ ಡ್ರಿಪ್ ನಿಲ್ಲಿಸಿದಳು. ಡಾಕ್ಟರಮ್ಮ ಯಂತ್ರದ ಗೆರೆ ನೋಡಿದರು, ಹಳೆಯ ರೂಢಿಯಲ್ಲಿ ನೇರ ಬಾಗಿಲಿಗೆ ಹೋಗಿ ಕಾರಿಡಾರಿಗೆ ತಲೆ ಹಾಕಿದರು.

"ನೀವು ಒಂದ್ನಿಮಿಷ ಈ ಕಡೆ ಬನ್ನಿ. ಮಾತಾಡ್ಬೇಕು."

ಒಳಗೆ ಅವಳು ಉಸಿರು ಬಿಗಿಹಿಡಿದಳು. ಮತ್ತೆ ಅದೇ. ಈಗಲೂ ಅವನಿಗೆ ಮೊದಲು ಗೊತ್ತಾಗುತ್ತದೆ, ತನಗೆ ಎರಡೇ ನಿಮಿಷ ಎಂಬ ಮಾತು ಸಿಗುತ್ತದೆ.

"ಅಳಿಯಂದ್ರೇ, ಹೋಗಿ ಕೇಳಿ ಬೇಗ," ಅಮ್ಮನ ದನಿ.

"ಇಲ್ಲ ಅತ್ತೆ." ಅದು ಗಂಡನ ದನಿ. "ಡಾಕ್ಟ್ರೇ, ಏನಿದ್ರೂ ಒಳಗೆ ಅವಳಿಗೆ ಹೇಳಿ. ಅವಳು ನನಗೆ ಹೇಳ್ಬೇಕು ಅನ್ಸಿದ್ರೆ ಹೇಳ್ತಾಳೆ. ನಾನಿಲ್ಲೇ ಇರ್ತೀನಿ."

ಡಾಕ್ಟರಮ್ಮ ಒಳಗೆ ಬಂದು ಸ್ಟೂಲ್ ಎಳೆದು, ಅವಳ ಮುಖದ ಮಟ್ಟಕ್ಕೆ ಕುಳಿತರು. ಮಗುವಿಗೆ ಸುಸ್ತಾದಂತಿದೆ, ಈಗ ಸ್ವಲ್ಪ ಸುಧಾರಿಸಿದೆ ಎಂದರು. ಬಾಯಿ ಚೆನ್ನಾಗಿ ತೆರೆದಿದೆ. ಸ್ವಲ್ಪ ಕಾದು ನೋಡಬಹುದು, ಮತ್ತೆ ಇಳಿದರೆ ಕಾಯದೆ ಆಪರೇಷನ್ ಮಾಡಬೇಕಾಗುತ್ತದೆ.

"ಕಾಯೋದ್ರಿಂದ ಮಗುಗೆ ಅಪಾಯ ಇದೆಯಾ?"

"ಈಗಿನ ಮಟ್ಟಿಗೆ ಇಲ್ಲ. ನಾನು ಇಲ್ಲಿಂದ ಏಳಲ್ಲ."

"ಹಾಗಿದ್ರೆ ಕಾಯೋಣ. ಇಳಿದ್ರೆ ಮತ್ತೆ ಕೇಳ್ತಾ ಕೂರ್ಬೇಡಿ, ಮಾಡ್ಬಿಡಿ. ಈಗಲೇ ಒಪ್ಪಿದೀನಿ." ಮುಂದಿನ ಅಲೆ ಸೊಂಟಕ್ಕೆ ಬಂದಿತ್ತು. ಹಲ್ಲು ಕಚ್ಚಿಕೊಂಡೇ ಹೇಳಿದಳು: "ಸಿಸ್ಟರ್, ಅವರು ಒಳಗೆ ಬರ್ಲಿ."

ಅವನು ಬಂದು ಮಂಚದ ಪಕ್ಕ ನಿಂತ. ಏನೂ ಆಗಿಲ್ಲ ಎನ್ನಲಿಲ್ಲ. "ಏನಂದ್ರು?" ಎಂದು ಕೇಳಿದ. ಎರಡು ಅಲೆಗಳ ನಡುವಿನ ಜಾಗದಲ್ಲಿ ಅವಳು ಹೇಳಿದಳು. ಅವನ ಮುಖ ಬಿಳಿಚಿತು. ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ.

"ಹೆದರಿಕೆ ಆಗ್ತಿದೆ ಕಣೇ."

"ನಂಗೂ. ಕೈ ಕೊಡಿ."

ಎದೆಬಡಿತ ಮತ್ತೆ ಇಳಿಯಲಿಲ್ಲ. ಕಿಟಕಿಯ ಬೆಳಕು ಹಳದಿಗೆ ತಿರುಗುವ ಹೊತ್ತಿಗೆ ಹೆಣ್ಣುಮಗುವೊಂದು ಕೋಪದಲ್ಲಿ ಕೈಕಾಲು ಬಡಿಯುತ್ತ, ಇಡೀ ವಾರ್ಡಿಗೆ ಕೇಳುವಂತೆ ತಾನು ಬಂದದ್ದನ್ನು ತಿಳಿಸಿತು. "ತಾಯಿಗೇ ಮೈಕು ಬೇಕು, ಇದಕ್ಕೆ ಅದೂ ಬೇಡ," ಎಂದು, ಕಾರಿಡಾರಿನಲ್ಲಿ ಅಮ್ಮನಿಂದ ಮಗಳ ಕೆಲಸ ಕೇಳಿ ತಿಳಿದಿದ್ದ ಆಯಾ ನಕ್ಕಳು.

ಅಮ್ಮ ಒಳಗೆ ಬಂದು ಮೊಮ್ಮಗಳನ್ನು ನೋಡಿ ಕಣ್ಣೊರೆಸಿಕೊಂಡಳು. ಮಗಳ ತಲೆ ನೇವರಿಸುತ್ತ, "ಮುಖ ನೋಡಿದ್ಮೇಲೆ ಎಲ್ಲಾ ಮರ್ತುಹೋಗುತ್ತೆ," ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಡಾಕ್ಟರಮ್ಮನತ್ತ ತಿರುಗಿ, ಬಹಳ ಸಂಕೋಚದಿಂದ, "ನಮ್ಮ ಕಾಲದಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಡ್ತಿದ್ರು. ಅದು ಯಾತಕ್ಕೆ ಇರ್ಬಹುದು?" ಎಂದು ಕೇಳಿದಳು. ಇಬ್ಬರೂ ಮಾತಾಡುತ್ತ ಕಿಟಕಿಯ ಬಳಿ ಹೋದರು.

ಗಂಡ ಸ್ಟೂಲಿನ ಮೇಲೆ ಕುಳಿತ. ಮಗುವಿನ ಬೆರಳು ಬಿಡಿಸಲು ನೋಡಿ ಸೋತ. ಆಮೇಲೆ ಕೇಳಿದ:

"ನನ್ನ ಮೇಲಿನ ಸಿಟ್ಟು ಹೋಯ್ತಾ?"

"ಇಲ್ಲ."

ಅವನು ತಲೆಯಾಡಿಸಿದ. ಸಮಾಧಾನದ ಮಾತೊಂದನ್ನೂ ಹುಡುಕಲಿಲ್ಲ. "ಯಾವಾಗ ಹೋಗುತ್ತೆ?"

ಅವಳು ಮಗುವಿನ ಹೊದಿಕೆಯನ್ನು ಕೊರಳಿನವರೆಗೆ ಸರಿಪಡಿಸಿದಳು.

"ನಂಗಿನ್ನೂ ಗೊತ್ತಿಲ್ಲ. ಗೊತ್ತಾದಾಗ ಮೊದಲು ನಿಮಗೇ ಹೇಳ್ತೀನಿ."